ವಿಶ್ವೇಶ್ವರಯ್ಯನವರೂ ಹಳ್ಳಿಯ ಸಮಿತಿಗಳೂ

ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಹೆಸರನ್ನು ಕೇಳದ ಕನ್ನಡಿಗರು ವಿರಳ. ಕನ್ನಂಬಾಡಿಯ ಕಟ್ಟೆಯನ್ನು ನೋಡಿದವರೂ, ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಮಾತನ್ನು ಕೇಳಿದವರೂ, ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಓದಿದವರೂ ಆ ಮಹನೀಯರನ್ನು ಸ್ಮರಿಸದೆ ಇರಲಾರರು. ಆದರೆ ಇವೆಲ್ಲವುಗಳ ನಡುವೆ ಅವರು ಕೈಹಾಕಿದ ಮತ್ತೊಂದು ಕಾರ್ಯವು ಜನರ ನೆನಪಿನಿಂದ ಬಹುಮಟ್ಟಿಗೆ ಮರೆಯಾಗಿಹೋಗಿದೆ. ಅದು ಹಳ್ಳಿಯ ಜನರನ್ನು ಒಂದೆಡೆ ಕೂಡಿಸಿ, ತಮ್ಮ ಊರಿನ ಹಿತವನ್ನು ತಾವೇ ನೋಡಿಕೊಳ್ಳತಕ್ಕ ಸಮಿತಿಗಳನ್ನು ಏರ್ಪಡಿಸುವ ಕಾರ್ಯ. ಅಣೆಕಟ್ಟು ಇಂದಿಗೂ ನಿಂತಿದೆ. ಆ ಸಮಿತಿಗಳು ನಿಲ್ಲಲಿಲ್ಲ. ಅಣೆಕಟ್ಟು ನಿಂತುದರ ಕಾರಣವನ್ನು ಎಲ್ಲರೂ ಬಲ್ಲರು. ಸಮಿತಿಗಳು ನಿಲ್ಲದುದರ ಕಾರಣವನ್ನು ವಿಚಾರಮಾಡಿದವರು ಕಡಮೆ. ಬೆಂಗಳೂರಿನ ಹೊರವಲಯದ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯ ಮೊದಲಾದ ಕಡೆಗಳಲ್ಲಿ ಕೋಟ್ಯಂತರ ರೂಪಾಯಿಗಳ ವ್ಯವಹಾರ ನಡೆಯುವ ಕಟ್ಟಡಗಳ ಬೆನ್ನಿಗೇ ಹಳ್ಳಿಗಳಿವೆ. ಆ ಹಳ್ಳಿಗಳಲ್ಲಿ ಊರಿನ ಸಂಘಗಳ ಬಲವೇನು, ಅವುಗಳನ್ನು ಬಲಪಡಿಸುವ ಬಗೆಯೇನು ಎಂಬ ಪ್ರಶ್ನೆ ಎದ್ದಿರುವ ಈ ಕಾಲದಲ್ಲಿ, ಈ ಹಳೆಯ ಪ್ರಯತ್ನದ ಕಥೆಯನ್ನು ತಿಳಿಯುವುದು ಅಪ್ರಸ್ತುತವಾಗಲಾರದೆಂದು ನಮ್ಮ ನಂಬಿಕೆ.

ವಿಶ್ವೇಶ್ವರಯ್ಯನವರು 1861ನೆಯ ಇಸವಿ ಸೆಪ್ಟೆಂಬರ್ 15ರಂದು ನಂದಿದುರ್ಗದ ಸಮೀಪದ ಮುದ್ದೇನಹಳ್ಳಿಯಲ್ಲಿ ಜನಿಸಿದರು. ಪೂರ್ವಿಕರು ತೆಲುಗು ಸೀಮೆಯ ಮೋಕ್ಷಗುಂಡದಿಂದ ಬಂದು ಈ ಕಡೆ ನೆಲೆಸಿದವರು. ತಂದೆ ಶ್ರೀನಿವಾಸ ಶಾಸ್ತ್ರಿಗಳು ವಿದ್ವಾಂಸರು, ಆದರೆ ಧನವಂತರಲ್ಲ. ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡ ಹುಡುಗನು ಚಿಕ್ಕಬಳ್ಳಾಪುರದ ಶಾಲೆಯಲ್ಲಿ ಓದಿ, ಬಳಿಕ ಸೋದರಮಾವನ ಆಶ್ರಯದಲ್ಲಿ ಬೆಂಗಳೂರಿಗೆ ಬಂದನು. ಕೊಡಗಿನ ಮನೆತನವೊಂದರ ಮಕ್ಕಳಿಗೆ ಪಾಠ ಹೇಳಿಕೊಟ್ಟು ತನ್ನ ಓದಿನ ಖರ್ಚನ್ನು ತಾನೇ ನಿರ್ವಹಿಸಿಕೊಂಡು, 1881ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಪದವಿಯನ್ನು ಪಡೆದನು. ಮೈಸೂರು ಸರ್ಕಾರದವರು ಕೊಟ್ಟ ವಿದ್ಯಾರ್ಥಿವೇತನದ ನೆರವಿನಿಂದ ಪೂನಾಕ್ಕೆ ಹೋಗಿ 1883ರಲ್ಲಿ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಉತ್ತೀರ್ಣನಾದನು. ಮಾರನೆಯ ವರ್ಷವೇ ಮುಂಬಯಿ ಸರ್ಕಾರದ ಮರಾಮತ್ತು ಇಲಾಖೆಯಲ್ಲಿ ಉದ್ಯೋಗ ದೊರೆಯಿತು.

ಪೂನಾ ಪಟ್ಟಣವು ಆ ತರುಣನಿಗೆ ಪರೀಕ್ಷೆಯ ಪದವಿಯನ್ನಲ್ಲದೆ ಬೇರೊಂದು ವಿದ್ಯೆಯನ್ನೂ ಕೊಟ್ಟಿತು. ಅದು ಸಾರ್ವಜನಿಕ ಸಂಘಗಳ ಪಟ್ಟಣ. 1870ರಲ್ಲಿ ಸ್ಥಾಪಿತವಾದ ಸಾರ್ವಜನಿಕ ಸಭೆಯು ಅಲ್ಲಿ ರೈತರ ಕಷ್ಟಗಳನ್ನು ವಿಚಾರಿಸಿ, ಅಂಕಿಸಂಖ್ಯೆಗಳನ್ನು ಸಂಗ್ರಹಿಸಿ ಸರ್ಕಾರದ ಮುಂದಿಡುತ್ತಿದ್ದಿತು. ಮಹಾದೇವ ಗೋವಿಂದ ರಾನಡೆಯವರ ಸಹವಾಸವೂ, ಮುಂದೆ 1905ರಲ್ಲಿ ಭಾರತ ಸೇವಕ ಸಮಾಜವನ್ನು ಸ್ಥಾಪಿಸಿದ ಗೋಪಾಲ ಕೃಷ್ಣ ಗೋಖಲೆಯವರ ಪರಿಚಯವೂ ಅವರಿಗೆ ಅಲ್ಲಿ ಲಭಿಸಿದುವು. ಸರ್ಕಾರದ ಅಪ್ಪಣೆಯನ್ನು ಕಾಯದೆ, ಲಾಭದ ಆಸೆಯೂ ಇಲ್ಲದೆ, ಜನರು ತಾವಾಗಿ ಕೂಡಿ ಲೋಕಕಾರ್ಯವನ್ನು ನಡೆಸಬಹುದೆಂಬುದನ್ನು ಅವರು ಗ್ರಂಥಗಳಿಂದ ಕಲಿತುದಕ್ಕಿಂತ ಹೆಚ್ಚಾಗಿ ಆ ಪಟ್ಟಣದಲ್ಲಿ ಕಣ್ಣಾರೆ ಕಂಡರು. 1898ರಲ್ಲಿ ಜಪಾನು ದೇಶವನ್ನು ಸಂಚರಿಸಿ ಬಂದಮೇಲೆ ಈ ಭಾವನೆಯು ಇನ್ನೂ ದೃಢವಾಯಿತು. ನಮ್ಮಂತೆಯೇ ಬಡವರಾಗಿದ್ದ ಏಷ್ಯಾಖಂಡದ ಜನರು ಕೇವಲ ಶಿಸ್ತಿನಿಂದಲೂ ವಿದ್ಯೆಯಿಂದಲೂ ಒಂದೇ ತಲೆಮಾರಿನಲ್ಲಿ ಮೇಲೆದ್ದುದನ್ನು ಅವರು ಅಲ್ಲಿ ನೋಡಿದರು.

ಹಳ್ಳಿಗರನ್ನು ಕಟ್ಟುಪಾಡಿಗೆ ಒಳಪಡಿಸುವ ಮೊದಲ ಪ್ರಯೋಗವನ್ನು ಅವರು ನಡೆಸಿದುದು ನೀರಿನ ಹಂಚಿಕೆಯಲ್ಲಿ. 1899ರ ಸುಮಾರಿಗೆ ಪೂನಾ ಪ್ರಾಂತದ ನೀರಾ ನಾಲೆಯಲ್ಲಿ ನೀರಿಗಾಗಿ ರೈತರಲ್ಲಿ ಮೇಲಾಟವಿದ್ದಿತು. ನಾಲೆಯ ಮೇಲ್ಭಾಗದವರು ಕಬ್ಬಿಗಾಗಿ ನೀರನ್ನು ಹರಿಸಿಕೊಳ್ಳುವರು. ಕೆಳಭಾಗದವರ ಜೋಳ ಒಣಗುವುದು. ವಿಶ್ವೇಶ್ವರಯ್ಯನವರು ಜಮೀನುಗಳನ್ನು ಬ್ಲಾಕುಗಳಾಗಿ ವಿಂಗಡಿಸಿ, ಒಂದೊಂದು ಬ್ಲಾಕಿನಲ್ಲಿ ಇಷ್ಟು ಭಾಗ ಮಾತ್ರ ಹೆಚ್ಚು ನೀರಿನ ಬೆಳೆ, ಉಳಿದುದು ಕಡಮೆ ನೀರಿನ ಬೆಳೆ, ನೀರು ಸರದಿಯ ಮೇಲೆ, ಕರಾರು ಹಲವು ವರ್ಷಗಳಿಗೆ ಎಂದು ಗೊತ್ತುಪಡಿಸಿದರು. ಮೊದಮೊದಲು ಜಮೀನುದಾರರೂ ಪತ್ರಿಕೆಗಳೂ ಇದನ್ನು ಬಲವಾಗಿ ವಿರೋಧಿಸಿದುವು. ಅವರು ಎದುರಾಳಿಗಳನ್ನು ಕರೆದು ಕೂರಿಸಿಕೊಂಡು ಲೆಕ್ಕವನ್ನು ವಿವರಿಸಿದರು. ಕ್ರಮೇಣ ರೈತರು ಒಪ್ಪಿದರು, ಪದ್ಧತಿಯು ನೆಲೆಯೂರಿತು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದುಂಟು. ಆ ಕಟ್ಟಿಗೆ ಒಳಪಟ್ಟ ಪ್ರತಿಯೊಬ್ಬ ರೈತನಿಗೂ ಅದರಲ್ಲಿ ಸ್ವಂತದ ಪಾಲಿದ್ದಿತು. ಅದನ್ನು ಮುರಿದರೆ ತನ್ನ ಗದ್ದೆಗೇ ನೀರು ತಪ್ಪುವುದೆಂಬುದನ್ನು ಅವನು ಬಲ್ಲವನಾಗಿದ್ದನು.

1908ರಲ್ಲಿ ಮುಂಬಯಿಯ ಸೇವೆಯನ್ನು ಬಿಟ್ಟು, ಮೂಸಿ ನದಿಯ ಪ್ರಳಯದಿಂದ ಹಾಳಾಗಿದ್ದ ಹೈದರಾಬಾದ್ ನಗರದ ಪುನರ್ರಚನೆಯ ಯೋಜನೆಯನ್ನು ಸಿದ್ಧಪಡಿಸಿ, 1909ರ ನವೆಂಬರಿನಲ್ಲಿ ಅವರು ಮೈಸೂರಿನ ಮುಖ್ಯ ಎಂಜಿನಿಯರಾಗಿ ಸ್ವದೇಶಕ್ಕೆ ಹಿಂದಿರುಗಿದರು. ಬಂದವರು ಕಟ್ಟಡಗಳ ಚಿಂತೆಯೊಂದರಲ್ಲೇ ತೊಡಗಲಿಲ್ಲ. ನಾಡಿನ ಬಡತನಕ್ಕೂ ಅವಿದ್ಯೆಗೂ ಸರ್ಕಾರಿ ಇಲಾಖೆಗಳಿಂದ ಮಾತ್ರವೇ ಪರಿಹಾರ ದೊರೆಯಲಾರದೆಂದು ಅವರಿಗೆ ತೋರಿತು. ಅವರ ಸಲಹೆಯಂತೆ 1911ರ ಜೂನ್ ತಿಂಗಳಲ್ಲಿ, ಶ್ರೀಮನ್ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರವರ ಆಶ್ರಯದಲ್ಲಿ, ಮೈಸೂರು ಆರ್ಥಿಕ ಸಮ್ಮೇಳನವು ಸ್ಥಾಪಿತವಾಯಿತು. ವ್ಯವಸಾಯ, ವಿದ್ಯಾಭ್ಯಾಸ, ಕೈಗಾರಿಕೆ ಮತ್ತು ವಾಣಿಜ್ಯ ಎಂಬ ಮೂರು ವಿಷಯಗಳಿಗೆ ಮೂರು ಸಮಿತಿಗಳು. ಅವುಗಳಲ್ಲಿ ಅಧಿಕಾರಿಗಳೊಡನೆ ವರ್ತಕರೂ ವಕೀಲರೂ ಜಮೀನುದಾರರೂ ಸದಸ್ಯರು. ಅವುಗಳ ಕೆಳಗೆ ಜಿಲ್ಲೆಗಳಲ್ಲಿಯೂ ತಾಲ್ಲೂಕುಗಳಲ್ಲಿಯೂ ಬೇರೆ ಬೇರೆ ಸಮಿತಿಗಳು. ಅದೇ ವರ್ಷ ಕೆರೆಗಳ ರಕ್ಷಣೆಗಾಗಿ ಕೆರೆ ಪಂಚಾಯತಿಗಳ ಕಾನೂನೂ ಬಂದಿತು. ಸಹಕಾರ ಸಂಘಗಳ ಕಾನೂನು 1905ರಿಂದಲೇ ಜಾರಿಯಲ್ಲಿದ್ದಿತು.

1912ರ ನವೆಂಬರಿನಲ್ಲಿ ಅವರು ದಿವಾನರಾದರು. ಮುಂದಿನ ಆರು ವರ್ಷಗಳಲ್ಲಿ ಆದ ಕಾರ್ಯಗಳ ಪಟ್ಟಿಯು ವಾಚಕರಿಗೆ ತಿಳಿದದ್ದೇ. 1913ರಲ್ಲಿ ಮೈಸೂರು ಬ್ಯಾಂಕು ಮತ್ತು ಹೆಬ್ಬಾಳದ ವ್ಯವಸಾಯ ಶಾಲೆ, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ವಿಶ್ವವಿದ್ಯಾನಿಲಯ ಮತ್ತು ಗಂಧದೆಣ್ಣೆಯ ಕಾರ್ಖಾನೆ ಹುಟ್ಟಿದುವು. ಅವರ ಕಾಲದಲ್ಲಿ ಸಂಸ್ಥಾನದ ಶಾಲೆಗಳ ಸಂಖ್ಯೆಯು ಸುಮಾರು 4,500ರಿಂದ ಸುಮಾರು 10,500ಕ್ಕೆ ಏರಿತು. ಇವುಗಳ ಜೊತೆಯಲ್ಲಿ, ಅಷ್ಟಾಗಿ ಸದ್ದಿಲ್ಲದೆ, 1914ರಲ್ಲಿ ಗ್ರಾಮಾಭಿವೃದ್ಧಿಯ ಯೋಜನೆಯೊಂದು ಆರಂಭವಾಯಿತು.

ಆ ಯೋಜನೆಯ ಸ್ವರೂಪ ಸರಳವಾದದ್ದು. ಊರೂರಿನಲ್ಲಿಯೂ ಒಂದು ಸಮಿತಿ. ಅದರಲ್ಲಿ ಪಟೇಲ, ಶಾನುಭೋಗ ಮತ್ತು ಊರಿನ ಪ್ರಮುಖರು. ಊರಿನವರು ವಾರದಲ್ಲಿ ಅರ್ಧ ದಿವಸ ಸಾಮಾನ್ಯ ಹಿತಕ್ಕಾಗಿ ದುಡಿಯತಕ್ಕದ್ದು. ಬಾವಿಯ ಹೂಳನ್ನೆತ್ತುವುದು, ಬೀದಿಯ ಚರಂಡಿಯನ್ನು ಸರಿಪಡಿಸುವುದು, ಗಿಡ ನೆಡುವುದು, ಶಾಲೆಯ ಕಟ್ಟಡಕ್ಕೆ ಕಲ್ಲು ಮಣ್ಣು ಹೊರುವುದು ಇತ್ಯಾದಿ ಕಾರ್ಯಗಳಿಗೆ ಈ ದುಡಿಮೆಯೇ ಬಂಡವಾಳ. ಸಮಿತಿಯವರು ಚಂದಾ ಎತ್ತಿದರೆ ಸರ್ಕಾರದಿಂದಲೂ ಸಹಾಯದ್ರವ್ಯ ದೊರೆಯುವುದು. ಹಣವಿಲ್ಲದ ಊರಿನಲ್ಲಿಯೂ ಕೈಗಳಿವೆ, ಪುರುಸೊತ್ತಿನ ಕಾಲವಿದೆ. ಅವೆರಡನ್ನೂ ವ್ಯರ್ಥಗೊಳಿಸದೆ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂಬುದು ಇದರ ತಾತ್ಪರ್ಯ.

ಇದು ನಮ್ಮ ಹಳ್ಳಿಗಳಿಗೆ ಕೇವಲ ಹೊಸದಾದ ವಿಚಾರವೂ ಅಲ್ಲ. ಹಿಂದಿನಿಂದ ನಮ್ಮ ಊರುಗಳಲ್ಲಿ ಆಯಗಾರರ ಪದ್ಧತಿ ಇದ್ದಿತು. ಕೆರೆಯ ತೂಬನ್ನು ತೆಗೆದು ಮುಚ್ಚುವ ನೀರುಗಂಟಿಗೆ ಕಣದಲ್ಲಿಯೇ ರೈತರು ಧಾನ್ಯವನ್ನು ಅಳೆದುಕೊಡುತ್ತಿದ್ದರು. ಅವನ ಸಂಬಳ ಖಜಾನೆಯಿಂದ ಬರುತ್ತಿರಲಿಲ್ಲ; ಅವನು ಕೆಲಸ ಕೆಡಿಸಿದರೆ ಕೇಳುವವರು ಅವನ ಕಣ್ಣೆದುರಿಗೇ ಇದ್ದರು. ಊರಿನ ಕೆಲಸಕ್ಕೆ ಊರೇ ಕೂಲಿ ಕೊಡುತ್ತಿದ್ದಾಗ ಆ ಕೆಲಸವು ನಡೆಯುತ್ತಿದ್ದಿತು. ಕೆರೆಗಳ ಹೊಣೆಯು ಕಚೇರಿಗಳ ಕಡೆಗೆ ಸರಿದಂತೆಲ್ಲ ಈ ಬಂಧನವು ಸಡಿಲಗೊಂಡಿತು. ವಿಶ್ವೇಶ್ವರಯ್ಯನವರು ಅದನ್ನು ಹೊಸ ರೀತಿಯಲ್ಲಿ, ಸಭೆ, ನಡವಳಿಕೆ, ಲೆಕ್ಕದ ಪುಸ್ತಕಗಳೊಡನೆ ಮತ್ತೆ ಬಿಗಿಯಲು ಪ್ರಯತ್ನಿಸಿದರೆಂದು ಹೇಳಬಹುದು.

ಹೀಗಿದ್ದರೂ ಆ ಸಮಿತಿಗಳು ಏಕೆ ಚಿರಸ್ಥಾಯಿಯಾಗಲಿಲ್ಲ? ನಮಗೆ ತೋರುವ ಕಾರಣಗಳು ಎರಡು. ಮೊದಲನೆಯದು, ಆ ಕಾರ್ಯಕ್ಕೆ ಪ್ರೇರಣೆಯು ಮೇಲಿನಿಂದ ಬಂದುದು. ದಿವಾನರು ಡೆಪ್ಯುಟಿ ಕಮಿಷನರಿಗೂ, ಅವರು ಅಮಲ್ದಾರರಿಗೂ, ಅವರು ಶೇಕದಾರರಿಗೂ ಹೇಳಿ, ಕೊನೆಗೆ ಪಟೇಲನ ಬಾಯಿಂದ ಊರಿಗೆ ತಿಳಿಯುವ ವಿಚಾರವು, ಎಷ್ಟೇ ಒಳ್ಳೆಯದಾದರೂ, ಹುಕುಮಿನ ರೂಪವನ್ನು ತಾಳದೆ ಇರುವುದು ಕಷ್ಟ. ಬಿಟ್ಟಿಯ ದುಡಿಮೆಯ ಕಹಿಯನ್ನು ಉಂಡಿದ್ದ ಬಡ ಕೂಲಿಗಾರನಿಗೆ ವಾರದ ಅರ್ಧ ದಿವಸವು ಸ್ವಂತ ಊರಿನ ಸೇವೆಯಾಗಿ ಕಂಡೀತೆ, ಹಳೆಯ ಬಿಟ್ಟಿಯ ಹೊಸ ಹೆಸರಾಗಿ ಕಂಡೀತೆ? ಉತ್ಸಾಹಿಯಾದ ಅಮಲ್ದಾರನಿದ್ದ ಕಡೆ ಕೆಲಸ ನಡೆಯುವುದು, ಅವನಿಗೆ ವರ್ಗವಾದರೆ ನಿಲ್ಲುವುದು ಇಂಥ ಏರ್ಪಾಡಿನ ಸ್ವಭಾವವೇ ಆಗಿದೆ. 1918ರಲ್ಲಿ ಸ್ಥಳೀಯ ಸಂಸ್ಥೆಗಳ ಮತ್ತು ಗ್ರಾಮ ಪಂಚಾಯತಿಗಳ ಕಾನೂನು ಬಂದು ಹಳ್ಳಿಯ ಆಡಳಿತಕ್ಕೆ ಶಾಸನದ ಆಧಾರ ದೊರೆತರೂ, ಅಷ್ಟರಲ್ಲಿ ಅದನ್ನು ಹಿಂದೆ ನಿಂತು ನಡೆಸತಕ್ಕ ದಿವಾನರೇ ಹುದ್ದೆಯನ್ನು ತ್ಯಜಿಸುವ ಕಾಲ ಬಂದಿತು.

ಎರಡನೆಯ ಕಾರಣವು ಇನ್ನೂ ಗಂಭೀರವಾದದ್ದು. ಊರಿನ ಸಮಿತಿಯೆಂದರೆ ಯಾರು? ಪಟೇಲ, ಶಾನುಭೋಗ, ನಾಲ್ಕು ಮಂದಿ ಜಮೀನುದಾರರು. ಊರಾಚೆಯ ಕೇರಿಯವರಿಗೆ ಅಲ್ಲಿ ಕುಳಿತುಕೊಳ್ಳುವ ಸ್ಥಳವಿದ್ದಿತೆ? ಹೆಂಗಸರಿಗೆ ಇದ್ದಿತೆ? ಈ ಪ್ರಶ್ನೆಯೇ ಸಂಸ್ಥಾನದ ಮಟ್ಟದಲ್ಲಿ ಬೇರೊಂದು ರೂಪದಿಂದ ಎದ್ದಿತು. ಸರ್ಕಾರಿ ಉದ್ಯೋಗಗಳಲ್ಲಿ ಬ್ರಾಹ್ಮಣರೇ ತುಂಬಿದ್ದಾರೆಂದು ಇತರ ವರ್ಗದವರು ನ್ಯಾಯ ಕೇಳಿದರು. 1918ರಲ್ಲಿ ಮಹಾರಾಜರವರು ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿದರು. ಯೋಗ್ಯತೆಯನ್ನು ಬಿಟ್ಟು ಜಾತಿಯನ್ನು ನೋಡಿದರೆ ಆಡಳಿತವು ಕೆಡುವುದೆಂದೂ, ವಿದ್ಯಾಪ್ರಚಾರದಿಂದಲೇ ಅಸಮತೆಯು ಹೋಗಬೇಕೆಂದೂ ವಿಶ್ವೇಶ್ವರಯ್ಯನವರ ಮತ. ಈ ಭಿನ್ನಾಭಿಪ್ರಾಯದ ಮೇಲೆ ಅವರು ದಿವಾನಗಿರಿಯನ್ನು ಬಿಟ್ಟರು. ಅವರ ಪ್ರಾಮಾಣಿಕತೆಯನ್ನು ಶತ್ರುಗಳೂ ಶಂಕಿಸಲಿಲ್ಲ. ಆದರೆ ಈ ವಿಷಯದಲ್ಲಿ ಕಾಲವು ಅವರ ಕಡೆ ನಿಲ್ಲಲಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು. ಬಾವಿಯನ್ನು ಶುದ್ಧಮಾಡಲು ಎಲ್ಲರ ಕೈಗಳೂ ಬೇಕು, ನೀರು ಸೇದುವಾಗ ಕೆಲವರು ಮಾತ್ರ ಹತ್ತಿರ ಬರಬಹುದು ಎಂಬ ಊರಿನಲ್ಲಿ ಸಮಿತಿಯು ಎಷ್ಟು ದಿನ ಬಾಳೀತು? ಪರಿಶಿಷ್ಟರಿಗೂ ಸ್ತ್ರೀಯರಿಗೂ ಸ್ಥಾನಗಳನ್ನು ಕಾಯ್ದಿರಿಸಿ ಸಂವಿಧಾನವೇ ಹಳ್ಳಿಯ ಪಂಚಾಯತಿಗೆ ರಕ್ಷಣೆ ಕೊಡಬೇಕಾದರೆ 1993ನೆಯ ಇಸವಿಯವರೆಗೆ ಕಾಯಬೇಕಾಯಿತು.

ಹುದ್ದೆ ಹೋದರೂ ಹಳ್ಳಿಯ ಚಿಂತೆಯು ಅವರನ್ನು ಬಿಡಲಿಲ್ಲ. 1920ರಲ್ಲಿ ಭಾರತದ ಪುನರ್ನಿರ್ಮಾಣವನ್ನು ಕುರಿತು ಗ್ರಂಥವನ್ನು ಪ್ರಕಟಿಸಿದರು. 1923ರಿಂದ ಕೆಲವು ವರ್ಷಕಾಲ ಭದ್ರಾವತಿಯ ಕಾರ್ಖಾನೆಯ ಹೊಣೆಯನ್ನು ಹೊತ್ತು, ಅದಕ್ಕಾಗಿ ತಮಗೆ ಸಲ್ಲಬೇಕಾಗಿದ್ದ ಹಣವನ್ನು ಕಸುಬಿನ ವಿದ್ಯಾಲಯಕ್ಕಾಗಿ ಬಿಟ್ಟುಕೊಟ್ಟರು. ಅದರ ಫಲವಾಗಿ 1943ರಲ್ಲಿ ಬೆಂಗಳೂರಿನಲ್ಲಿ ಜಯಚಾಮರಾಜೇಂದ್ರರ ಹೆಸರಿನ ವೃತ್ತಿಶಿಕ್ಷಣ ಸಂಸ್ಥೆಯು ಹುಟ್ಟಿತು. 1934ರಲ್ಲಿ ಯೋಜನಾಬದ್ಧ ಆರ್ಥಿಕ ವ್ಯವಸ್ಥೆಯನ್ನು ಕುರಿತ ಗ್ರಂಥವು ಹೊರಬಂದಿತು. 1941ರಲ್ಲಿ ಅಖಿಲ ಭಾರತ ಉತ್ಪಾದಕರ ಸಂಸ್ಥೆಯನ್ನು ಕಟ್ಟಿ ಅದರ ಅಧ್ಯಕ್ಷರಾದರು. ಆ ಸಂಸ್ಥೆಯ ಮೂಲಕ ಎಂಬತ್ತು ದಾಟಿದ ವಯಸ್ಸಿನಲ್ಲಿ ಅವರು ಪ್ರಚಾರಮಾಡಿದುದು ಗ್ರಾಮಗಳ ಕೈಗಾರಿಕೀಕರಣದ ಯೋಜನೆಯನ್ನು. ಕೆಲವು ಹಳ್ಳಿಗಳನ್ನು ಒಂದು ಗುಂಪಾಗಿ ಸೇರಿಸುವುದು, ಆ ಗುಂಪಿಗೆ ಅಲ್ಲಿಯವರದೇ ಆದ ಸಮಿತಿ, ಪ್ರತಿವರ್ಷವೂ ಬೆಳೆಯ ಮತ್ತು ಕಸುಬಿನ ಉತ್ಪತ್ತಿಯ ಲೆಕ್ಕ, ಬೇಸಾಯದೊಡನೆ ಮತ್ತೊಂದು ಕಸುಬು: ಇವು ಅದರ ಮುಖ್ಯಾಂಶಗಳು. 1950ರ ಆಸುಪಾಸಿನಲ್ಲಿ ಈ ಯೋಜನೆಯನ್ನು ಬೆಂಗಳೂರು ಮತ್ತು ಕೋಲಾರ ಜಿಲ್ಲೆಗಳಲ್ಲಿ ಪ್ರಯೋಗಕ್ಕೆ ತಂದರು. 1914ರ ಸಮಿತಿಗೂ ಇದಕ್ಕೂ ಇರುವ ಭೇದವನ್ನು ನೋಡಿರಿ. ಮೊದಲನೆಯದರಲ್ಲಿ ಊರವನು ಕೊಡುವುದು ಮಾತ್ರ ಎದ್ದು ಕಾಣುತ್ತಿದ್ದಿತು. ಎರಡನೆಯದರಲ್ಲಿ ಅವನಿಗೆ ದೊರೆಯುವುದೂ ಲೆಕ್ಕದಲ್ಲಿ ಕಾಣುವಂತಾಯಿತು. ಮೂವತ್ತೈದು ವರ್ಷಗಳ ಅನುಭವದಿಂದ ಅವರು ನೀರಾ ನಾಲೆಯ ಪಾಠಕ್ಕೆ ಮರಳಿ ಬಂದಂತಾಯಿತು. 1955ರಲ್ಲಿ ಭಾರತರತ್ನ ಪ್ರಶಸ್ತಿಯಿಂದ ಗೌರವಿತರಾಗಿ, ನೂರು ವರ್ಷಗಳನ್ನು ತುಂಬಿ, 1962ರ ಏಪ್ರಿಲ್ ತಿಂಗಳಲ್ಲಿ ಅವರು ದೇಹತ್ಯಾಗ ಮಾಡಿದರು.

ಅವರು ಕನಸು ಕಂಡ ಕೈಗಾರಿಕೆಯು ಬೆಂಗಳೂರು ಜಿಲ್ಲೆಯ ಹಳ್ಳಿಗಳಿಗೆ ಬಂದೇ ಬಂದಿತು. ಆದರೆ ಬೇರೊಂದು ದಾರಿಯಿಂದ. 1970ರ ದಶಕದಲ್ಲಿ ಪೀಣ್ಯದ ಹೊಲಗಳಲ್ಲಿ ಸಣ್ಣ ಕಾರ್ಖಾನೆಗಳ ಬಡಾವಣೆ ಎದ್ದಿತು. 1978ರ ಸುಮಾರಿಗೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ಸುಮಾರು 332 ಎಕರೆ ಭೂಮಿಯಲ್ಲಿ ಕಿಯೋನಿಕ್ಸ್ ಸಂಸ್ಥೆಯಿಂದ ಎಲೆಕ್ಟ್ರಾನಿಕ್ ಸಿಟಿಯು ಆರಂಭವಾಯಿತು. ಚಾಮರಾಜೇಂದ್ರ ಒಡೆಯರವರು 1882ರಲ್ಲಿ ಆಂಗ್ಲೋ ಇಂಡಿಯನ್ ಜನರ ಸಂಘಕ್ಕೆ ಬೇಸಾಯಕ್ಕಾಗಿ ಕೊಟ್ಟ ಭೂಮಿಯಿಂದ ಹುಟ್ಟಿದ ವೈಟ್‌ಫೀಲ್ಡಿನ ಬಳಿ, ಪಟ್ಟಂದೂರು ಅಗ್ರಹಾರದಲ್ಲಿ, 1994ರ ಒಪ್ಪಂದದ ಮೇಲೆ ಅಂತರರಾಷ್ಟ್ರೀಯ ಟೆಕ್ ಪಾರ್ಕು ತಲೆಯೆತ್ತಿತು. ಹೊಲ ಮಾರಿದವರಲ್ಲಿ ಕೆಲವರು ಧನವಂತರಾದರು. ಹೊಲವಿಲ್ಲದವರು ಕಾವಲುಗಾರರೂ ಕಸಗುಡಿಸುವವರೂ ಆದರು. ಕೆರೆಗಳಿಗೆ ಊರಿನ ಮಳೆಯ ನೀರಿನ ಬದಲು ನಗರದ ಕೊಚ್ಚೆ ಹರಿಯಿತು. 2017ರ ಫೆಬ್ರವರಿಯಲ್ಲಿ ಬೆಳ್ಳಂದೂರು ಕೆರೆಯ ನೀರಿನ ಮೇಲೆ ಬೆಂಕಿಯೆದ್ದುದನ್ನು ಲೋಕವೇ ನೋಡಿತು. ತೂಬಿನ ಹತ್ತಿರ ನೀರುಗಂಟಿ ಇಲ್ಲದಿದ್ದ ಮೇಲೆ ಕೆರೆಯ ಗೋಳನ್ನು ಕೇಳುವವರಾರು?

ಊರಿನ ಪಂಚಾಯತಿಯೂ ಅನೇಕ ಕಡೆ ಉಳಿಯಲಿಲ್ಲ. 2007ರಲ್ಲಿ ಏಳು ನಗರಸಭೆಗಳನ್ನೂ ಒಂದು ಪುರಸಭೆಯನ್ನೂ 110 ಹಳ್ಳಿಗಳನ್ನೂ ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯನ್ನು ರಚಿಸಿದರು. ಆ ಹಳ್ಳಿಗಳವರಿಗೆ ಬಾಗಿಲ ಬಳಿಯಿದ್ದ ಗ್ರಾಮಸಭೆಯು ಹೋಗಿ, ದೂರದ ಕಚೇರಿ ಬಂದಿತು. 2020ರ ಸೆಪ್ಟೆಂಬರಿನಲ್ಲಿ ಆ ಪಾಲಿಕೆಯ ಚುನಾಯಿತ ಸಭೆಯ ಅವಧಿಯು ಮುಗಿದ ಮೇಲೆ, 2025ರಲ್ಲಿ ಪಾಲಿಕೆಯೇ ಐದು ನಗರಪಾಲಿಕೆಗಳಾಗಿ ವಿಂಗಡವಾಗುವವರೆಗೂ ಚುನಾವಣೆಯು ನಡೆಯಲಿಲ್ಲ. ಇಂಥ ಸ್ಥಿತಿಯಲ್ಲಿ ಊರಿನ ಪರವಾಗಿ ಮಾತನಾಡಲು ಉಳಿದಿರುವುದು ಯಾವುದು? ಊರಿನ ಸಂಘಗಳು ಮಾತ್ರ. ಯುವಕ ಸಂಘ, ಮಹಿಳಾ ಸಂಘ, ಶಾಲೆಯ ಅಭಿವೃದ್ಧಿ ಸಮಿತಿ, ಕೆರೆಯ ರಕ್ಷಣೆಗೆ ನಿಂತ ಕೂಟ, ಹಾಲು ಉತ್ಪಾದಕರ ಸಹಕಾರ ಸಂಘ. ಇವುಗಳ ಬಲವೇ ಊರಿನ ಬಲ.

ಹಣಕ್ಕೆ ಅಭಾವವಿಲ್ಲ ಎನ್ನುವುದೇ ಇಲ್ಲಿಯ ವಿಚಿತ್ರ. 2013ನೆಯ ಕಂಪನಿ ಕಾಯಿದೆಯ 135ನೆಯ ಪ್ರಕರಣದಂತೆ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಶೇಕಡ 2ರಷ್ಟನ್ನು ಲೋಕಹಿತಕ್ಕೆ ವೆಚ್ಚಮಾಡತಕ್ಕದ್ದು. ಅದರಲ್ಲಿ ತಾವಿರುವ ಆಸುಪಾಸಿನ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದೂ ಅದೇ ಪ್ರಕರಣವು ವಿಧಿಸುತ್ತದೆ. ಆದರೆ ಆ ಹಣವನ್ನು ಪಡೆದು ಕೆಲಸ ನಡೆಸುವ ಹೊರಗಿನ ಸಂಸ್ಥೆಗೆ ಆದಾಯತೆರಿಗೆಯ ನೋಂದಣಿಗಳೂ, ಮೂರು ವರ್ಷಗಳ ಕೆಲಸದ ದಾಖಲೆಯೂ, 2021ರ ಏಪ್ರಿಲಿನಿಂದ ಕೇಂದ್ರದ ಪ್ರತ್ಯೇಕ ನೋಂದಣಿಯೂ ಇರಬೇಕು. ನಿಯಮಗಳು ಅನುಚಿತವೆಂದು ನಾವು ಹೇಳುವುದಿಲ್ಲ; ಸಾರ್ವಜನಿಕ ಹಣಕ್ಕೆ ಕಾವಲು ಬೇಕು. ಆದರೆ ಪರಿಣಾಮವೇನು? ನುರಿತ ಗುಮಾಸ್ತರೂ ಲೆಕ್ಕಪರಿಶೋಧಕರೂ ಇರುವ ನಗರದ ಸಂಸ್ಥೆಗಳಿಗೆ ಹಣ ಸಲ್ಲುತ್ತದೆ. ಕಂಪನಿಯ ಕಾಂಪೌಂಡಿನಾಚೆಯೇ ಇರುವ ಊರಿನ ಏಳು ಮಂದಿ ಕೂಡಿ ಕಟ್ಟಿದ ಸಂಘವು ಆ ಬಾಗಿಲಿನವರೆಗೂ ಹೋಗಲಾರದು. ವಿದೇಶದ ದೇಣಿಗೆಯನ್ನು ದೊಡ್ಡ ಸಂಸ್ಥೆಯು ಚಿಕ್ಕ ಸಂಸ್ಥೆಗೆ ಹಂಚುವ ದಾರಿಯೂ 2020ರ ತಿದ್ದುಪಡಿಯಿಂದ ಮುಚ್ಚಿಹೋಯಿತು. ಇದರಿಂದ ಹಳ್ಳಿಗೆ ಶಾಲೆಯ ಬಣ್ಣವೂ ನೀರಿನ ಯಂತ್ರವೂ ಬರುತ್ತವೆ. ಬಂದುದನ್ನು ಕಾಯ್ದುಕೊಳ್ಳುವ ಸಂಘವು ಮಾತ್ರ ಬೆಳೆಯುವುದಿಲ್ಲ. ಯಂತ್ರವು ಕೆಟ್ಟ ದಿನ ಯಾರನ್ನು ಕೇಳಬೇಕೆಂದು ಊರವರಿಗೆ ತಿಳಿಯದು.

ಶನಿವಾರಗಳಲ್ಲಿ ಕಂಪನಿಗಳ ತರುಣರು ಕೆರೆಯ ದಂಡೆಗೆ ಬಂದು ಕಸ ಎತ್ತುವುದನ್ನು, ಗಿಡ ನೆಡುವುದನ್ನು ನಾವು ನೋಡಿ ಸಂತೋಷಪಟ್ಟಿದ್ದೇವೆ. ದಿವಾನರ ಅರ್ಧ ದಿವಸವೇ ಹೊಸ ಉಡುಪಿನಲ್ಲಿ ಬಂದಂತಿದೆ. ಆದರೆ ನೆಟ್ಟ ಗಿಡಕ್ಕೆ ಬೇಸಗೆಯಲ್ಲಿ ನೀರೆರೆಯಬೇಕಾದವರು ಸೋಮವಾರದಿಂದ ಶುಕ್ರವಾರದವರೆಗೆ ಅಲ್ಲಿಯೇ ಇರತಕ್ಕವರು. ಅವರ ಕೂಟವು ಬಲವಾಗಿದ್ದರೆ ಅತಿಥಿಗಳ ಶ್ರಮವು ಸಾರ್ಥಕ; ಇಲ್ಲದಿದ್ದರೆ ಮುಂದಿನ ವರ್ಷ ಅದೇ ಗುಂಡಿಯಲ್ಲಿ ಇನ್ನೊಂದು ಗಿಡ.

ಹಾಗಾದರೆ ಮಾಡಬೇಕಾದುದೇನು? ವಿಶ್ವೇಶ್ವರಯ್ಯನವರ ಜೀವನದಿಂದ, ಅವರು ಗೆದ್ದುದರಿಂದಲೂ ಸೋತುದರಿಂದಲೂ, ನಮಗೆ ತೋರುವುದಿಷ್ಟು. ಸಂಘದಲ್ಲಿ ಊರವನಿಗೆ ಸ್ವಂತದ ಪಾಲಿರಬೇಕು. ಹೊರಗಿನಿಂದ ಎಷ್ಟೇ ಹಣ ಬರಲಿ, ತಿಂಗಳಿಗೆ ಹತ್ತು ರೂಪಾಯಿಯಾದರೂ ಸದಸ್ಯನ ಕೈಯಿಂದ ಬರಬೇಕು. ಹತ್ತು ರೂಪಾಯಿ ಕೊಟ್ಟವನು ಲೆಕ್ಕ ಕೇಳುತ್ತಾನೆ. ಹಾಲಿನ ಸಂಘವು ಅನೇಕ ಊರುಗಳಲ್ಲಿ ಬೇರೆಲ್ಲ ಸಂಘಗಳಿಗಿಂತ ಗಟ್ಟಿಯಾಗಿ ನಿಂತಿರುವುದೇಕೆ? ಸದಸ್ಯಳು ದಿನಕ್ಕೆರಡು ಸಲ ಕ್ಯಾನು ಹಿಡಿದು ಅಲ್ಲಿಗೆ ಹೋಗುತ್ತಾಳೆ. ಅವಳೆದುರಿಗೇ ಹಾಲನ್ನು ಅಳೆದು ಬರೆಯುತ್ತಾರೆ. ಅಳತೆಯಂತೆ ಹಣ ಬರುತ್ತದೆ. ಅದು ದಾನದ ಸಂಸ್ಥೆಯಲ್ಲವಾದರೂ ದಾನದ ಸಂಸ್ಥೆಗಳು ಅದರಿಂದ ಕಲಿಯಬೇಕಾದುದು ಬಹಳವಿದೆ.

ಎರಡನೆಯದಾಗಿ, ಸಂಘಕ್ಕೆ ಲೆಕ್ಕ ಬರೆಯುವವನೊಬ್ಬನು ಬೇಕು, ಅವನಿಗೆ ಸಂಬಳ ಬೇಕು. ಕೊಳವೆಬಾವಿಗೂ ಕಟ್ಟಡಕ್ಕೂ ಸಂತೋಷದಿಂದ ಹಣ ಕೊಡುವವರು ಗುಮಾಸ್ತನ ಸಂಬಳವೆಂದರೆ ಹಿಂದೆಗೆಯುತ್ತಾರೆ. ಒಂದು ಕಂಪನಿಯು ತನ್ನ ನೆರೆಯ ನಾಲ್ಕೈದು ಹಳ್ಳಿಗಳ ಸಂಘಗಳಿಗೆ ಸೇರಿ ಒಬ್ಬ ಲೆಕ್ಕಿಗನನ್ನು ಮೂರು ನಾಲ್ಕು ವರ್ಷ ಇರಿಸಿಕೊಟ್ಟರೆ, ನೋಂದಣಿ, ವಾರ್ಷಿಕ ಸಭೆ, ಲೆಕ್ಕತಪಾಸಣೆಗಳು ಸರಿಯಾಗಿ ನಡೆದು, ಆ ಸಂಘಗಳೇ ಮುಂದೆ ನಿಯಮದ ಬಾಗಿಲನ್ನು ಯಾರ ಹಂಗಿಲ್ಲದೆ ದಾಟಬಲ್ಲವು. ಶಾಲೆಯ ಗೋಡೆಗಿಂತ ಈ ಸಂಬಳವು ಕಡಮೆ ಕಣ್ಣಿಗೆ ಬೀಳುವುದು ನಿಜ. ಗೋಡೆಯನ್ನು ಉಳಿಸುವುದು ಇದೇ.

ಮೂರನೆಯದು, ಅಧಿಕಾರಿಗಳಿಗೆ ನಮ್ಮ ಅರಿಕೆ. ಒಂದೊಂದು ಯೋಜನೆಗೆ ಒಂದೊಂದು ಹೊಸ ಸಂಘವನ್ನು ಹುಟ್ಟಿಸಿ, ಯೋಜನೆಯು ಮುಗಿದೊಡನೆ ಅದನ್ನು ಅನಾಥವಾಗಿ ಬಿಡುವ ಪದ್ಧತಿಯನ್ನು ಕೈಬಿಡಿರಿ. ಇರುವ ಸಂಘವನ್ನು ಹುಡುಕಿ ಅದರ ಕೈಯಲ್ಲಿ ಕೆಲಸವನ್ನಿಡಿರಿ. ವರ್ಗದ ಹುಕುಮು ಬಂದ ದಿನ ತಮ್ಮ ಹೆಸರಿಲ್ಲದೆ ಆ ಸಂಘವು ಮುಂದಿನ ಸಭೆಯನ್ನು ನಡೆಸಬಲ್ಲುದೇ ಎಂದು ಕೇಳಿಕೊಂಡರೆ, ತಾವು ಮಾಡಿದ ಕೆಲಸದ ಬೆಲೆ ತಮಗೇ ತಿಳಿಯುವುದು.

ಕೊನೆಯದು, 1914ರ ಸಮಿತಿಗಳಲ್ಲಿ ಬಿಟ್ಟುಹೋದ ಮಾತು. ಸಂಘವು ಊರಿನ ಎಲ್ಲ ಬೀದಿಗಳದ್ದೂ ಆಗಬೇಕು. ಇಂದು ಹೊಸ ಬೀದಿಗಳೂ ಸೇರಿವೆ. ಪೀಣ್ಯದ ವಠಾರಗಳಲ್ಲಿ ಉತ್ತರ ಕರ್ನಾಟಕದಿಂದ, ಬಿಹಾರದಿಂದ, ಒಡಿಶಾದಿಂದ ಬಂದ ಕೂಲಿಗಾರರು ಇದ್ದಾರೆ. ವೈಟ್‌ಫೀಲ್ಡಿನ ಎತ್ತರದ ಮನೆಗಳಲ್ಲಿ ಊರಿನ ಹೆಸರನ್ನೇ ಅರಿಯದ ವಿದ್ಯಾವಂತರಿದ್ದಾರೆ. ಅವರೂ ಇದೇ ಕೆರೆಯ ಗಾಳಿಯನ್ನು ಸೇವಿಸುವವರು, ಇದೇ ನೆಲದ ನೀರನ್ನು ಕುಡಿಯುವವರು. ಹಳೆಯ ಊರಿನವರು ಇವರನ್ನು ಹೊರಗಿನವರೆಂದು ದೂರವಿಟ್ಟರೂ, ಇವರು ಹಳೆಯ ಊರಿನವರನ್ನು ಅನಾಗರಿಕರೆಂದು ಕಡೆಗಣಿಸಿದರೂ, ಸಂಘವು ಊರಿನ ಸಂಘವಾಗಲಾರದು.

ಮುದ್ದೇನಹಳ್ಳಿಯ ಬಡ ಹುಡುಗನೊಬ್ಬನು ನೂರು ವರ್ಷ ಬಾಳಿ, ನದಿಗಳನ್ನು ತಡೆದು ನಿಲ್ಲಿಸಿ, ಕಡೆಗಾಲದಲ್ಲಿ ಮತ್ತೆ ಹಳ್ಳಿಯ ಸಮಿತಿಯ ಮಾತಿಗೇ ಬಂದನೆಂಬುದನ್ನು ನಮ್ಮ ವಾಚಕರು ಮರೆಯಬಾರದು. ಪ್ರತಿವರ್ಷ ಸೆಪ್ಟೆಂಬರ್ 15ರಂದು ಅವರ ಭಾವಚಿತ್ರಕ್ಕೆ ಹಾರ ಹಾಕುವುದು ಸುಲಭ. ಆ ದಿನ ತಮ್ಮ ಕಚೇರಿಗೆ ಅತಿ ಸಮೀಪದ ಹಳ್ಳಿಯಲ್ಲಿ ಇರುವ ಸಂಘ ಯಾವುದು, ಅದರ ಸದಸ್ಯರೆಷ್ಟು, ಕಳೆದ ವರ್ಷದ ಲೆಕ್ಕವು ಮುಗಿದಿದೆಯೇ ಎಂದು ವಿಚಾರಿಸಿ ಬರೆದಿಟ್ಟುಕೊಳ್ಳುವವರು ಒಂದೊಂದು ಕಂಪನಿಗೆ ಒಬ್ಬರಾದರೂ, ಒಂದೊಂದು ಕಚೇರಿಗೆ ಒಬ್ಬರಾದರೂ ಹೊರಟರೆ, ಅಂಕಿಗಳಲ್ಲದೆ ಬೇರೆ ಭಾಷೆಯನ್ನು ಅಷ್ಟಾಗಿ ನಂಬದಿದ್ದ ಆ ಹಿರಿಯರಿಗೆ ಅದಕ್ಕಿಂತ ಮಿಗಿಲಾದ ಪೂಜೆಯಿಲ್ಲ.